ನಡೆಯುವವರ ಕೈಗೊಂದು ಬ್ರೋಷರ್: ದುರ್ಗದ ದಾರಿಯನ್ನು ಎ4 ಹಾಳೆಗೆ ಇಳಿಸುವ ಬಗೆ

ನಮ್ಮ ಚಿತ್ರದುರ್ಗದ ಕಡೆ ಪ್ರವಾಸಿ ಬ್ರೋಷರ್‌ಗೆ ಒಂದು ಸಿದ್ಧ ಅಚ್ಚಿದೆ. ಮುಖಪುಟಕ್ಕೆ ಓಬವ್ವ, ಒಳಗೆ ಏಳು ಸುತ್ತಿನ ಕೋಟೆಯ ನಾಲ್ಕು ಫೋಟೋ, ವಾಣಿವಿಲಾಸ ಸಾಗರದ್ದೊಂದು, ಹಿಂಬದಿಯಲ್ಲಿ ಫೋನ್ ನಂಬರುಗಳು. ಊರಿಗೆ ಜನರನ್ನು ಕರೆಸಲು ಅಷ್ಟು ಸಾಕು. ಆದರೆ ಅದೇ ಹಾಳೆ ಹಿಡಿದು ಏಕನಾಥಮ್ಮನ ಗುಡಿ ಮುಂದೆ ನಿಂತವರಿಗೆ ಗೋಪಾಲಸ್ವಾಮಿ ಹೊಂಡ ಯಾವ ಕಡೆ, ಎಷ್ಟು ದೂರ, ಮಧ್ಯೆ ನೆರಳಿದೆಯೋ ಇಲ್ಲವೋ ಒಂದೂ ತಿಳಿಯುವುದಿಲ್ಲ. ನಡಿಗೆಯ ಬ್ರೋಷರ್ ಕೆಲಸಕ್ಕೆ ಬರಬೇಕಾದದ್ದು ಅಲ್ಲೇ, ದಾರಿ ಕವಲೊಡೆಯುವ ಜಾಗದಲ್ಲಿ, ಬಿಸಿಲಲ್ಲಿ, ಒಂದು ಕೈಯಲ್ಲಿ ನೀರಿನ ಬಾಟಲಿ ಇರುವಾಗ. ಕಾಗದ, ಮಡಿಕೆ, ಅಕ್ಷರ, ನಕ್ಷೆ ಎಲ್ಲವನ್ನೂ ಆ ಜಾಗದಲ್ಲಿ ನಿಂತು ತೀರ್ಮಾನಿಸಬೇಕು. ಡಿಟಿಪಿ ಮೇಜಿನ ಮೇಲಿಂದ ಶುರುಮಾಡಿದರೆ ಹಳೆಯ ಅಚ್ಚೇ ಮತ್ತೆ ಬರುತ್ತದೆ.

ಮೊದಲು ದಾರಿ

ಒಂದು ಹಾಳೆಗೆ ಒಂದೇ ನಡಿಗೆ. ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ಆಡುಮಲ್ಲೇಶ್ವರ ನಾಲ್ಕನ್ನೂ ತುಂಬಲು ಹೋದರೆ ನಾಲ್ಕಕ್ಕೂ ನಕ್ಷೆ ಸಾಲದೆ ನಾಲ್ಕು ಫೋಟೋ ಮಾತ್ರ ಉಳಿಯುತ್ತವೆ.

ದಾರಿಗೆ ಒಂದು ಎಳೆ ಇದ್ದರೆ ಓದುವವರಿಗೂ ಸುಲಭ, ಬರೆಯುವವರಿಗೂ ಸುಲಭ. ದುರ್ಗದಲ್ಲಿ ಅಂಥ ಎಳೆ ಕಣ್ಣೆದುರೇ ಇದೆ: ನೀರು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕತಂಗಿ ಹೊಂಡಕ್ಕೆ, ಕೆಳಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಇಳಿಯುವ ಸರಣಿ ಅದು. ಕೋಟೆಯ ಬಾಗಿಲಿಂದ ಹತ್ತಿ ಮೇಲಿನ ಹೊಂಡ ಮುಟ್ಟಿ, ನೀರಿನ ಜೊತೆಗೇ ಇಳಿದು ಬಂದರೆ ನಡಿಗೆಯ ಕೊನೆ ಪೇಟೆಯಲ್ಲಿ. ಆಟೋ, ಬಸ್ಸು, ಮಂಡಕ್ಕಿ ಮಿರ್ಚಿ ಎಲ್ಲವೂ ಅಲ್ಲೇ. ಹತ್ತುವುದು ಮೊದಲು, ಇಳಿಯುವುದು ಆಮೇಲೆ, ತಿನ್ನುವುದು ಕೊನೆಗೆ ಎಂಬ ಕ್ರಮವನ್ನು ಯಾವ ನಡಿಗೆಗೂ ಕೆಡಿಸಬಾರದು.

ಚಂದ್ರವಳ್ಳಿಯದು ಇನ್ನೊಂದು ಬಗೆ. ದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಕಣಿವೆ, ಒಂದು ಕೆರೆ, ಅದರ ಸುತ್ತ ಎರಡು ಸಾವಿರ ವರ್ಷದ ಗುರುತುಗಳು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲಿದೆ. ರೋಮನ್ ನಾಣ್ಯಗಳು ಸಿಕ್ಕ ನೆಲ ಇದು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದ್ದರು. ಇಲ್ಲಿ ಎಳೆ ಕಾಲದ್ದು, ದೂರ ಕಡಿಮೆ, ನಿಲ್ಲುವ ಜಾಗ ಹೆಚ್ಚು. ಅಂಕಲಿ ಮಠದ ಗುಹೆಗೆ ಟಾರ್ಚ್ ಬೇಕು ಎನ್ನುವ ಒಂದು ಸಾಲು ಇಲ್ಲಿ ಯಾವ ಇತಿಹಾಸಕ್ಕಿಂತಲೂ ಮುಖ್ಯ. ಅದನ್ನು ಗುಹೆಯ ವಿವರಣೆಯಲ್ಲಿ ಹುದುಗಿಸಬೇಡಿ, ‘ಹೊರಡುವ ಮುಂಚೆ’ ಎಂಬ ಭಾಗದಲ್ಲಿ ಹಾಕಿ. ಗುಹೆಯ ಬಾಯಲ್ಲಿ ನಿಂತು ಓದಿದರೆ ಏನು ಬಂತು?

ಜೋಗಿಮಟ್ಟಿ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದ ಕಾಲುದಾರಿಯನ್ನು ನಕ್ಷೆಯಲ್ಲಿ ಎಳೆಯುವುದೇ ತಪ್ಪು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ದಾವಣಗೆರೆ ಕಡೆಯವರು ಕೊಂಡಜ್ಜಿ ಕೆರೆ ಅಥವಾ ಸೂಳೆಕೆರೆ ಏರಿಯ ನಡಿಗೆಗೆ ಮಾಡುವುದಾದರೂ ಕ್ರಮ ಇದೇ. ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರನ್ನೂ ನಕ್ಷೆಯಲ್ಲಿ ಜೊತೆಗೇ ಹಾಕಿ. ಒಂದೊಂದು ಬೋರ್ಡಿನಲ್ಲಿ ಒಂದೊಂದು ಹೆಸರಿರುತ್ತದೆ.

ಅಳೆಯುವುದು

ಓಸ್ಮ್ಆಂಡ್‌ನಂಥ ಆ್ಯಪ್‌ನಲ್ಲಿ ಟ್ರ್ಯಾಕ್ ಆನ್ ಮಾಡಿ ನಡೆದು, ದಾರಿ ದಾಖಲಾದ ಜಿಪಿಎಕ್ಸ್ ಫೈಲ್ ಇಳಿಸಿಕೊಳ್ಳುವುದು ಸುಲಭ. ಆದರೆ ಕೋಟೆಯಲ್ಲಿ ಅದನ್ನು ಹಾಗೇ ನಂಬಬಾರದು. ಎರಡು ದೊಡ್ಡ ಬಂಡೆಗಳ ನಡುವೆ, ಎತ್ತರದ ಗೋಡೆಯ ಬುಡದಲ್ಲಿ ಸಿಗ್ನಲ್ ಪುಟಿದು ಬರುತ್ತದೆ. ನೀವು ಸುಮ್ಮನೆ ನಿಂತಿದ್ದರೂ ಚುಕ್ಕಿ ಅಲೆಯುತ್ತದೆ, ಅಲೆದದ್ದೆಲ್ಲ ದೂರಕ್ಕೆ ಸೇರುತ್ತದೆ. ಹೀಗಾಗಿ ನಿಲ್ಲುವಾಗ ರೆಕಾರ್ಡಿಂಗ್ ತಾತ್ಕಾಲಿಕವಾಗಿ ನಿಲ್ಲಿಸಿ. ಬೇರೆ ಬೇರೆ ದಿನ, ಬೇರೆ ಬೇರೆ ಫೋನಿನಲ್ಲಿ ಅಳೆದು ಹೋಲಿಸಿ. ಆಮೇಲೆ ಉಪಗ್ರಹ ಚಿತ್ರದ ಮೇಲೆ ದಾರಿಯನ್ನು ಕೈಯಿಂದ ಎಳೆದು ತಾಳೆ ನೋಡಿ. ಮೀಟರ್ ಲೆಕ್ಕ ಅಚ್ಚು ಹಾಕುವುದು ಬೇಡ. 100 ಮೀಟರಿಗೆ ಸರಿಸುಮಾರು ಮಾಡಿದರೆ ಸಾಕು.

ಸಮಯದ ಲೆಕ್ಕಕ್ಕೆ ಬೆಟ್ಟ ಹತ್ತುವವರ ಹಳೆಯ ಸೂತ್ರವೊಂದಿದೆ: ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ., ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಒಂದು ಗಂಟೆ. ಉದಾಹರಣೆಗೆ 3 ಕಿ.ಮೀ. ದಾರಿ, 120 ಮೀಟರ್ ಏರಿಕೆ ಎಂದರೆ 36 ನಿಮಿಷ ಮತ್ತು 12 ನಿಮಿಷ, ಒಟ್ಟು 48. ಇದು ಪಳಗಿದ ಕಾಲಿನ ಲೆಕ್ಕ. ಕಲ್ಲಿನ ಮೆಟ್ಟಿಲು, ಮಕ್ಕಳು, ಅಜ್ಜಿ, ಸೆಲ್ಫಿ ಸೇರಿದರೆ ಎರಡರಿಂದ ಗುಣಿಸಿ. ‘ನಡಿಗೆ ಮಾತ್ರ’ ಮತ್ತು ‘ನೋಡುತ್ತಾ’ ಎಂದು ಎರಡು ಅಂಕಿ ಕೊಡಿ. ಒಂದೇ ಅಂಕಿ ಕೊಟ್ಟರೆ ಕೆಎಸ್‌ಆರ್‌ಟಿಸಿ ಬಸ್ಸಿನ ಸಮಯ ನೋಡಿಕೊಂಡು ಬಂದವರು ಅರ್ಧಕ್ಕೇ ಓಡುತ್ತಾರೆ.

‘ಸುಲಭ, ಮಧ್ಯಮ, ಕಷ್ಟ’ ಎಂಬ ಮೂರು ಪದಗಳಿಂದ ಯಾರಿಗೂ ಉಪಯೋಗವಿಲ್ಲ. ಕಷ್ಟ ಎಲ್ಲಿದೆ ಎಂದು ಬರೆಯಿರಿ: ಬಂಡೆಯಲ್ಲೇ ಕೊರೆದ ಮೆಟ್ಟಿಲು, ಕೈಹಿಡಿ ಇಲ್ಲ; ಮಳೆಗಾಲದಲ್ಲಿ ಪಾಚಿ, ಜಾರುತ್ತದೆ; ಇಲ್ಲಿಂದ ಮುಂದೆ ನೆರಳಿಲ್ಲ; ಕುಡಿಯುವ ನೀರು ಇಲ್ಲಿಗೆ ಕೊನೆ; ಹೊಂಡದ ಅಂಚಿಗೆ ತಡೆಗೋಡೆ ಇಲ್ಲ. ಮಂಡಿನೋವಿನವರು ಇದನ್ನು ಓದಿ ತಾವೇ ತೀರ್ಮಾನಿಸುತ್ತಾರೆ. ಮಾರ್ಚ್‌ನಿಂದ ಮೇವರೆಗೆ ದುರ್ಗದ ಬಂಡೆ ಕಾದ ಹೆಂಚು. ಬೆಳಿಗ್ಗೆ ಬೇಗ ಹತ್ತಿ ಬಿಸಿಲೇರುವ ಮುಂಚೆ ಇಳಿಯಿರಿ ಎಂದು ಬೇಸಿಗೆಗೆಂದೇ ಒಂದು ಸಾಲು ಇರಲಿ. ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಹೊಗೆ, ಕಲ್ಲು, ಗದ್ದಲ ಮೂರೂ ಬೇಡ ಎಂಬುದನ್ನು ಕೆಂಪಕ್ಷರದಲ್ಲಿ ಹಾಕಿದರೂ ತಪ್ಪಿಲ್ಲ. ಮಂಗಗಳ ಬಗ್ಗೆ ಬರೆಯದಿದ್ದರೂ ನಡೆಯುತ್ತದೆ, ಮೊದಲ ಬಾಳೆಹಣ್ಣಿಗೇ ಗೊತ್ತಾಗುತ್ತದೆ.

ಕವಲಿಗೊಂದು ವಾಕ್ಯ

ದಾರಿಯ ವಿವರಣೆಯನ್ನು ಕವಲುಗಳ ಮೇಲೆ ಕಟ್ಟಬೇಕು, ಪ್ರೇಕ್ಷಣೀಯ ಸ್ಥಳಗಳ ಮೇಲಲ್ಲ. ಪ್ರತಿ ಕವಲಿಗೂ ನಕ್ಷೆಯಲ್ಲಿ ಒಂದು ಅಂಕಿ, ಪಠ್ಯದಲ್ಲಿ ಅದೇ ಅಂಕಿ. ಕೆರೆಯ ಏರಿ ಮೇಲಿನ ನಡಿಗೆ ಎಂದಿಟ್ಟುಕೊಳ್ಳಿ. ‘ಸುಂದರ ಕೆರೆಯ ದಡದಲ್ಲಿ ಸಾಗಿ ಬೆಟ್ಟದ ಕಡೆ ತಿರುಗಿ’ ಎಂದು ಬರೆದರೆ ದಾರಿ ತಪ್ಪಿದ ಹಾಗೇ. ಅದನ್ನೇ ‘3. ತೂಬು ದಾಟಿದ ಮೇಲೆ ಏರಿ ಎಡಕ್ಕೆ ಬಾಗುತ್ತದೆ. ನೀರು ನಿಮ್ಮ ಬಲಕ್ಕಿರಲಿ. ಕೋಡಿ ಸಿಗುವ ಮುಂಚೆ ಎಡಕ್ಕೆ ಇಳಿಯುವ ಕಲ್ಲುಮೆಟ್ಟಿಲು ಹಿಡಿಯಿರಿ. ಕೋಡಿ ಮುಟ್ಟಿದರೆ ಮುಂದೆ ಬಂದಿದ್ದೀರಿ, ಹಿಂದಿರುಗಿ’ ಎಂದು ಬರೆದು ನೋಡಿ. ಆ ಕೊನೆಯ ವಾಕ್ಯವನ್ನು ಬಹಳ ಜನ ಬಿಡುತ್ತಾರೆ. ತಪ್ಪಿದವರಿಗೆ ತಪ್ಪಿದೆವೆಂದು ತಿಳಿಸುವ ಗುರುತೇ ಎಲ್ಲಕ್ಕಿಂತ ಬೆಲೆಯದು.

ಗುರುತಾಗಿ ಟೀ ಅಂಗಡಿ, ಫ್ಲೆಕ್ಸ್, ಬಣ್ಣ ಬಳಿದ ಗೋಡೆ, ಮೊಬೈಲ್ ಟವರ್ ಬೇಡ. ಮಂಟಪ, ದೀಪಸ್ತಂಭ, ಕೋಟೆ ಬಾಗಿಲು, ತೂಬು, ಕೋಡಿ, ಇವು ಬ್ರೋಷರಿಗಿಂತ ಹೆಚ್ಚು ಬಾಳುತ್ತವೆ. ಟಿಕೆಟ್ ದರ, ತೆರೆಯುವ ಸಮಯ, ಬಸ್ಸಿನ ವೇಳೆ ಅಚ್ಚಾಗಬಾರದು, ಅವು ಕ್ಯೂಆರ್ ಹಿಂದಿನ ಪುಟಕ್ಕೆ ಹೋಗಲಿ. ಅಚ್ಚಿಗೆ ಬೇಕಾದ ನಂಬರುಗಳು ಮೂರೇ: ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ಕಾಡಿನಂಚಿನ ದಾರಿಯಾದರೆ ಅರಣ್ಯ ಸಹಾಯವಾಣಿ 1926.

ಇತಿಹಾಸದ ಸಾಲುಗಳಲ್ಲಿ ಕೈ ಹಿಡಿತವಿರಲಿ. 1779ರಲ್ಲಿ ಹೈದರಾಲಿ ಕೋಟೆ ವಶಪಡಿಸಿಕೊಂಡ, ಮದಕರಿ ನಾಯಕನ ಆಳ್ವಿಕೆ ಅಲ್ಲಿಗೆ ಮುಗಿಯಿತು, ಇಷ್ಟಕ್ಕೆ ತಕರಾರಿಲ್ಲ. ಎಷ್ಟು ಬಾಗಿಲು, ಎಷ್ಟು ಕಿಂಡಿ, ಎಷ್ಟು ಬತೇರಿ ಎಂಬ ಅಂಕಿಗಳು ಒಂದು ಬ್ರೋಷರಿಂದ ಇನ್ನೊಂದಕ್ಕೆ ನಕಲಾಗುತ್ತಾ ಬಂದಂಥವು, ನೀವೇ ಎಣಿಸದಿದ್ದರೆ ಬಿಟ್ಟುಬಿಡಿ. ಹಿಡಿಂಬೇಶ್ವರ ಗುಡಿಯ ಕಥೆ ಹೇಳುವಾಗ ‘ಎನ್ನುತ್ತಾರೆ’ ಎಂಬ ಒಂದು ಪದ ಸೇರಿಸಿದರೆ ಕಥೆಗೂ ನಷ್ಟವಿಲ್ಲ, ಇತಿಹಾಸಕ್ಕೂ ಇಲ್ಲ.

ಕಾವಲಿಲ್ಲದ ಹಾಳು ಗುಡಿ, ಒಂಟಿ ಮಂಟಪ, ವೀರಗಲ್ಲುಗಳನ್ನು ನಕ್ಷೆಯಲ್ಲಿ ಗುರುತಿಸುವ ಮುಂಚೆ ಎರಡು ಸಲ ಯೋಚಿಸಿ. ನಿಧಿ ಆಸೆಗೆ ಗರ್ಭಗುಡಿ ಅಗೆಯುವವರು ನಮ್ಮ ಜಿಲ್ಲೆಯಲ್ಲಿ ಹೊಸಬರೇನಲ್ಲ. ಅವರಿಗೆ ದಾರಿ ತೋರಿಸುವ ಕೆಲಸ ಬ್ರೋಷರ್‌ಗೆ ಬೇಡ.

ಹಾಳೆ, ಮಡಿಕೆ

ಎ4 ಹಾಳೆ ಅಡ್ಡಲಾಗಿ 297 ಮಿ.ಮೀ. ಅಗಲ, 210 ಎತ್ತರ. ಪ್ರೆಸ್‌ನವರು ರೂಢಿಯಂತೆ ಒಳಕ್ಕೆ ಮಡಚುವ ಮೂರು ಪಟ್ಟಿಯ ಮಡಿಕೆ ಹಾಕುತ್ತಾರೆ. ಅದರಲ್ಲಿ ಒಳಗೆ ಹೋಗುವ ಪಟ್ಟಿ 97, ಉಳಿದೆರಡು 100 ಮಿ.ಮೀ. ಇರಬೇಕು. ಮೂರನ್ನೂ 99 ಮಾಡಿದರೆ ಒಳಪಟ್ಟಿ ಮಡಿಕೆಗೆ ತಾಗಿ ಉಬ್ಬುತ್ತದೆ. ನಡಿಗೆಗೆ ಆ ಮಡಿಕೆಗಿಂತ ಬೀಸಣಿಗೆಯಂತೆ ಹಿಂದೆಮುಂದೆ ಮಡಚುವ ಜೆಡ್ ಮಡಿಕೆ ಮೇಲು. ಮೂರೂ ಪಟ್ಟಿ 99 ಮಿ.ಮೀ., ಬೇಕಾದ ಭಾಗವಷ್ಟೇ ತೆರೆಯುತ್ತದೆ. ಗಾಳಿಯಂತ್ರ ನೆಟ್ಟ ಗುಡ್ಡಗಳ ಊರಿನಲ್ಲಿ ಪೂರ್ತಿ ಹಾಳೆ ಬಿಚ್ಚಿ ಹಿಡಿಯುವುದು ಸುಲಭವಲ್ಲ.

ಜೆಡ್ ಮಡಿಕೆಯಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಮಡಚಿದ ಮೇಲೆ ಹೊರಗೆ ಕಾಣುವ ಎರಡು ಮುಖಗಳಲ್ಲಿ ಒಂದು ಹಾಳೆಯ ಒಂದು ಬದಿಯದ್ದು, ಇನ್ನೊಂದು ಮತ್ತೊಂದು ಬದಿಯದ್ದು. ಇಡೀ ಒಂದು ಬದಿಗೆ ನಕ್ಷೆ ಹಾಕಿದರೆ ಅದರ ಮೂರನೇ ಒಂದು ಭಾಗ ಹಿಂಬದಿ ರಕ್ಷಾಪುಟವಾಗಿ ಹೊರಗೆ ಬಂದು ಸವೆಯುತ್ತದೆ. ಹೀಗೆ ಹೊಂದಿಸಿ: ಮೊದಲ ಬದಿಯ ಬಲಪಟ್ಟಿ ಮುಖಪುಟ, ಎಡ ಮತ್ತು ನಡು ಪಟ್ಟಿಗಳಲ್ಲಿ ದಾರಿಯ ವಿವರ. ಎರಡನೇ ಬದಿಯ ಎಡ ಮತ್ತು ನಡು ಪಟ್ಟಿಗಳಲ್ಲಿ ನಕ್ಷೆ, ಬಲಪಟ್ಟಿ ಹಿಂಪುಟ. ಆಗ ಮುಖಪುಟ ಪುಸ್ತಕದ ಹಾಗೆ ಎಡದಿಂದ ತೆರೆಯುತ್ತದೆ, ತೆರೆದ ಕೂಡಲೇ ನಕ್ಷೆ ಸಿಗುತ್ತದೆ. ಮಾದರಿ ಪ್ರಿಂಟ್ ತೆಗೆಯುವಾಗ ‘ಫ್ಲಿಪ್ ಆನ್ ಶಾರ್ಟ್ ಎಡ್ಜ್’ ಆರಿಸಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ.

ಮಡಚಿದ ಮೇಲೂ 210 ಮಿ.ಮೀ. ಉದ್ದ ಅಂಗಿಜೇಬಿನಿಂದ ಹೊರಗೆ ಚಾಚುತ್ತದೆ. ಜನ ಅದನ್ನು ಅಡ್ಡಕ್ಕೆ ಮತ್ತೊಂದು ಸಲ ಮಡಚಿಯೇ ಮಡಚುತ್ತಾರೆ. ಅದನ್ನು ಮೊದಲೇ ಒಪ್ಪಿಕೊಂಡು 105 ಮಿ.ಮೀ. ಎತ್ತರದಲ್ಲಿ ಕ್ಯೂಆರ್, ಸಣ್ಣ ಅಕ್ಷರ, ಕವಲಿನ ಅಂಕಿ ಬಾರದಂತೆ ನೋಡಿಕೊಳ್ಳಿ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚುವರಿ ಅಂಚು), ಅಂದರೆ ಫೈಲ್ 303 × 216. ಕಟಿಂಗ್ ಅಂಚಿಂದಲೂ ಮಡಿಕೆಯಿಂದಲೂ ಅಕ್ಷರ 5 ಮಿ.ಮೀ. ಒಳಗಿರಲಿ.

ನಕ್ಷೆಗೆ 198 × 210 ಮಿ.ಮೀ. ಸಿಕ್ಕಿತು. 1:10,000 ಅಳತೆಯಲ್ಲಿ 1 ಸೆಂ.ಮೀ.ಗೆ 100 ಮೀಟರ್, ಅಂದರೆ ಹೆಚ್ಚುಕಡಿಮೆ ಎರಡು ಕಿ.ಮೀ. ಚೌಕ. ಕೋಟೆಯ ನಡಿಗೆಗೆ ಇದು ಹದ. ಜೋಗಿಮಟ್ಟಿಯ ಉದ್ದದ ದಾರಿಗೆ 1:25,000ಕ್ಕೆ ಇಳಿಯಬೇಕು. ಅಳತೆಯನ್ನು ಅಂಕಿಯಲ್ಲಿ ಮಾತ್ರ ಕೊಡದೆ ಅಳತೆಪಟ್ಟಿ ಎಳೆಯಿರಿ. ಜೆರಾಕ್ಸ್‌ನಲ್ಲಿ ಹಾಳೆ ಕುಗ್ಗಿದರೆ ಪಟ್ಟಿಯೂ ಜೊತೆಗೇ ಕುಗ್ಗುತ್ತದೆ, ಅಂಕಿ ಮಾತ್ರ ಸುಳ್ಳಾಗುತ್ತದೆ. ಗೂಗಲ್ ಮ್ಯಾಪ್ ಸ್ಕ್ರೀನ್‌ಶಾಟ್ ಅಂಟಿಸಬೇಡಿ. ಹಕ್ಕಿನ ಮಾತು ಒತ್ತಟ್ಟಿಗಿರಲಿ, ಅಚ್ಚಿನಲ್ಲಿ ಅದು ಮಸುಕು, ಕೋಟೆಯೊಳಗಿನ ಕಾಲುದಾರಿಯೂ ಬೇಕಾದಷ್ಟು ಇರುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ ಆಧರಿಸಿ, ಹಿಗ್ಗಿಸಿದರೂ ಮಸುಕಾಗದ ವೆಕ್ಟರ್‌ನಲ್ಲಿ ನೀವೇ ಬಿಡಿಸಿ, ಮೂಲೆಯಲ್ಲಿ ‘© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂದು ಹಾಕಿ, ಅದು ಲೈಸೆನ್ಸಿನ ಷರತ್ತು. ದಾರಿಯ ಗೆರೆ 1.5 ಮಿ.ಮೀ. ದಪ್ಪ, ಗಾಢ ಬಣ್ಣ, ತುಂಡುಗೆರೆ. ಹಸಿರಿನ ಮೇಲೆ ಕೆಂಪು ಗೆರೆ ಎಳೆದರೆ ಬಣ್ಣಗುರುಡು ಇರುವವರಿಗೆ ದಾರಿಯೇ ಕಾಣದು.

ಕನ್ನಡ ಅಕ್ಷರದ ತಾಪತ್ರಯ

ಹೆಚ್ಚಿನ ಬ್ರೋಷರ್‌ಗಳು ಕೆಡುವುದು ಇಲ್ಲೇ. ಡಿಟಿಪಿ ಅಂಗಡಿಗಳಲ್ಲಿ ಈಗಲೂ ನುಡಿ, ಬರಹ, ಶ್ರೀಲಿಪಿಯ ಹಳೆಯ ಎನ್‌ಕೋಡಿಂಗ್ ಫಾಂಟುಗಳು ಓಡುತ್ತಿವೆ. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಕನ್ವರ್ಟರ್ ದಾಟಿ ಬರುವಾಗ ಅರ್ಕಾವತ್ತು ಒಂದಕ್ಷರ ಆಚೀಚೆ ಜಿಗಿಯುತ್ತದೆ, ಒತ್ತಕ್ಷರ ಕಳಚುತ್ತದೆ. ಯೂನಿಕೋಡನ್ನೇ ನೇರ ಹಾಕಿದರೂ ತಂತ್ರಾಂಶದಲ್ಲಿ ಲಿಪಿ ಜೋಡಣೆಯ ಸೆಟ್ಟಿಂಗ್ ಬೇಕು. ಪುಟವಿನ್ಯಾಸದ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸದಿದ್ದರೆ ‘ಚಿತ್ರದುರ್ಗ’ ಹೋಗಿ ‘ಚಿತ್‌ರದುರ್‌ಗ’ ಆಗುತ್ತದೆ. ಊರ ಹೆಸರಲ್ಲೇ ಒತ್ತು ಮತ್ತು ಅರ್ಕಾವತ್ತು ಎರಡೂ ಇರುವುದರಿಂದ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪದ ಬೇಡ. ಅದು ಸರಿ ಬಂದ ಮೇಲೆ ‘ಸಿದ್ದೇಶ್ವರ’, ‘ರಾಷ್ಟ್ರೀಯ’ ಟೈಪ್ ಮಾಡಿ ನೋಡಿ. ಖರ್ಚು ಬೇಡ ಎನ್ನುವವರಿಗೆ ಉಚಿತ ಚಿತ್ರರಚನೆ ತಂತ್ರಾಂಶ ಇಂಕ್‌ಸ್ಕೇಪ್ ಸಾಕು, ಕನ್ನಡ ನೆಟ್ಟಗೆ ಕೂರುತ್ತದೆ. ಪ್ರೆಸ್‌ಗೆ ಕೊಡುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿಬಿಡಿ (ಅಕ್ಷರ ಬರೀ ಆಕಾರವಾಗುತ್ತದೆ, ಫಾಂಟ್ ಬೇಕಾಗುವುದಿಲ್ಲ), ತಿದ್ದಬಹುದಾದ ಫೈಲನ್ನು ಬೇರೆ ಉಳಿಸಿಕೊಳ್ಳಿ.

ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಅಥವಾ ಅನೆಕ್ ಕನ್ನಡ, ಎರಡೂ ಉಚಿತ. ಗಾತ್ರ 10 ಪಾಯಿಂಟ್‌ಗಿಂತ ಕಡಿಮೆ ಬೇಡ. ಇಂಗ್ಲಿಷ್ ಪಠ್ಯಕ್ಕೆ 12 ಪಾಯಿಂಟ್ ಸಾಲಿನ ಅಂತರ ಸಾಕಾದರೆ ಕನ್ನಡಕ್ಕೆ 15 ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಈ ಲೆಕ್ಕದಲ್ಲಿ ಒಂದು ಪಟ್ಟಿಗೆ ಸುಮಾರು 35 ಸಾಲು, ಸಾಲಿಗೆ ಐದಾರು ಪದ. ಎರಡು ಪಟ್ಟಿಗೆ ಬರೆಯಬಹುದಾದದ್ದು 350 ಪದ, ಫೋಟೋ ಸೇರಿದರೆ 250. ಬರೆಯಲು ಕೂರುವ ಮುಂಚೆಯೇ ಈ ಅಂಕಿ ಗೊತ್ತಿರಲಿ. ಆಮೇಲೆ ಅಕ್ಷರ ಕಿರಿದು ಮಾಡಿ ತುರುಕುವುದಕ್ಕಿಂತ ಇಂಗ್ಲಿಷ್ ಪ್ರತಿಯನ್ನು ಬೇರೆ ಹಾಳೆಯಾಗಿ ಮಾಡುವುದೇ ಸರಿ, ನಕ್ಷೆಯ ಅಂಕಿಗಳು ಎರಡಕ್ಕೂ ಒಂದೇ ಇರುತ್ತವೆ.

ಕಪ್ಪು ಅಕ್ಷರ ಕಪ್ಪು ಶಾಯಿ ಒಂದರಿಂದಲೇ ಬರಲಿ. ಪರದೆ ಮೇಲಿನ ಆರ್‌ಜಿಬಿ ಕಪ್ಪನ್ನು ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆಗೆ ಬದಲಿಸಿದಾಗ ನಾಲ್ಕೂ ಶಾಯಿ ಸೇರಿಕೊಳ್ಳುತ್ತವೆ. ಶಾಯಿಗೊಂದರಂತೆ ಇರುವ ಪ್ಲೇಟ್ ಕೂದಲೆಳೆ ಸರಿದರೂ ಪ್ರತಿ ಅಕ್ಷರದ ಪಕ್ಕ ಬಣ್ಣದ ನೆರಳು. ಗಾಢ ಹಿನ್ನೆಲೆಯಲ್ಲಿ ಬಿಳಿ ಕನ್ನಡವನ್ನು ತಲೆಬರಹಕ್ಕೆ ಮಾತ್ರ ಇಡಿ. ಸಣ್ಣ ಗಾತ್ರದಲ್ಲಿ ಶಾಯಿ ಹರಡಿ ‘ಥ’ದ ಒಳಚುಕ್ಕಿ ಮುಚ್ಚಿಹೋಗುತ್ತದೆ.

ಫೋಟೋ, ಕಾಗದ, ಪ್ರೆಸ್

ಫೋಟೋ ಮೂರು ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಬಂಡೆ ಚಪ್ಪಟೆಯಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಬೇಕು. ಮಳೆ ಮುಗಿದ ಅಕ್ಟೋಬರ್, ನವೆಂಬರ್‌ನಲ್ಲಿ ಹೊಂಡದಲ್ಲಿ ನೀರೂ ಇರುತ್ತದೆ. 99 ಮಿ.ಮೀ. ಪಟ್ಟಿ ತುಂಬಲು ಇಂಚಿಗೆ 300 ಚುಕ್ಕಿ (ಡಿಪಿಐ) ಲೆಕ್ಕದಲ್ಲಿ ಸುಮಾರು 1,170 ಪಿಕ್ಸೆಲ್ ಅಗಲ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ.

ಕಾಗದ 130 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಟ್ ಆರ್ಟ್ ಪೇಪರ್. ಗ್ಲಾಸಿ ಅಂಗಡಿಯಲ್ಲಿ ಮಿಂಚುತ್ತದೆ, ಬಂಡೆ ಮೇಲೆ ಬಿಸಿಲು ಬಡಿದು ಓದಲಾಗುವುದಿಲ್ಲ. ಲ್ಯಾಮಿನೇಷನ್ ಬೇಡ, ಪೆನ್ನಿನಲ್ಲಿ ಗುರುತು ಹಾಕಲು ಬರದು. 170 ಜಿಎಸ್‌ಎಂ ದಾಟಿದರೆ ಮಡಚುವ ಮುಂಚೆ ಮಡಿಕೆಯ ಗೆರೆಯೊತ್ತುವ ಕ್ರೀಸಿಂಗ್ ಮಾಡಿಸಲೇಬೇಕು. ಡಿಜಿಟಲ್ ಪ್ರಿಂಟ್ ಆದರೆ ತೆಳು ಕಾಗದಕ್ಕೂ ಮಾಡಿಸಿ: ಟೋನರ್ ಕಾಗದದ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ, ಹೀಗಾಗಿ ಮಡಿಕೆಯಲ್ಲಿ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಗಾಢ ಬಣ್ಣ ಮಡಿಕೆ ದಾಟದಂತೆ ವಿನ್ಯಾಸದಲ್ಲೇ ನೋಡಿಕೊಂಡರೆ ಇನ್ನೂ ಒಳ್ಳೆಯದು. ಕಾಗದದ ನಾರು ಮಡಿಕೆಗೆ ಸಮಾನಾಂತರವಾಗಿರಲಿ ಎಂದು ಪ್ರೆಸ್‌ನವರಿಗೆ ಮೊದಲೇ ಹೇಳಿ.

ಕೆಲವು ನೂರು ಪ್ರತಿಗೆ ಡಿಜಿಟಲ್, ಸಾವಿರ ದಾಟಿದರೆ ಆಫ್‌ಸೆಟ್. ಡಿಜಿಟಲ್‌ನಲ್ಲಿ 12 × 18 ಇಂಚಿನ ಹಾಳೆಗೆ ಎರಡು ಎ4 ಕೂರಿಸುತ್ತೇವೆ ಎಂದರೆ ಎಚ್ಚರ: 305 ಮಿ.ಮೀ. ಅಗಲದಲ್ಲಿ 303 ಮಿ.ಮೀ. ಬ್ಲೀಡ್ ಫೈಲ್ ಇಟ್ಟರೆ ಯಂತ್ರ ಹಿಡಿಯಲು ಅಂಚೇ ಉಳಿಯದು, ಆಗ ಹೇಳದೆ ಕೇಳದೆ ಫೈಲನ್ನು ಕುಗ್ಗಿಸುತ್ತಾರೆ, ನಿಮ್ಮ 1:10,000 ಅಲ್ಲಿಗೆ ಹೋಯಿತು. 13 × 19 ಕೇಳಿ. ಆಫ್‌ಸೆಟ್‌ನಲ್ಲಿ ಎರಡು ಬದಿಗಳನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು, ಒಂದು ಬದಿ ಹೊಡೆದು ತಿರುಗಿಸಿ ಅದೇ ಪ್ಲೇಟುಗಳಿಂದ ಮತ್ತೆ ಹೊಡೆದರೆ ಎಂಟರ ಬದಲು ನಾಲ್ಕೇ ಪ್ಲೇಟ್ ಸಾಕು. ನಡುವೆ ಕತ್ತರಿಸಿದರೆ ಎರಡು ಪೂರ್ತಿ ಪ್ರತಿ. ದರ ಹೇಳುವಾಗ ಎಂಟು ಪ್ಲೇಟ್ ಲೆಕ್ಕ ಬಂದರೆ ಯಾಕೆಂದು ಕೇಳಿ.

ಕ್ಯೂಆರ್ ಕನಿಷ್ಠ 20 ಮಿ.ಮೀ., ಬಿಳಿ ಮೇಲೆ ಕಪ್ಪು, ಸುತ್ತ ಖಾಲಿ ಜಾಗ. ಉಚಿತ ಸೈಟುಗಳು ಕೊಡುವ ‘ಡೈನಾಮಿಕ್’ (ಅವರ ಸೈಟಿನ ಮೂಲಕ ತಿರುಗಿಸಿ ಕಳಿಸುವ) ಕೋಡ್ ಅವಧಿ ಮುಗಿದಾಗ ಸತ್ತುಹೋಗಬಹುದು, ನಿಮ್ಮದೇ ವಿಳಾಸವನ್ನು ನೇರ ಹಾಕಿ. ಬೆಟ್ಟದ ಮೇಲೆ ನೆಟ್‌ವರ್ಕ್ ಎಲ್ಲ ಕಡೆಯೂ ಸಿಗದು, ಆದ್ದರಿಂದ ದಾರಿಗೆ ಬೇಕಾದದ್ದು ಯಾವುದೂ ಅದರ ಹಿಂದೆ ಅಡಗಬಾರದು.

ಅಚ್ಚಿಗೆ ಮುಂಚೆ ಸಾದಾ ಎ4ನಲ್ಲಿ ‘ಫಿಟ್ ಟು ಪೇಜ್’ ತೆಗೆದು 100 ಶೇಕಡಾ ಗಾತ್ರದಲ್ಲಿ ಪ್ರಿಂಟ್ ತೆಗೆಯಿರಿ, ಅಳತೆಪಟ್ಟಿಯನ್ನು ಸ್ಕೇಲ್ ಇಟ್ಟು ಅಳೆಯಿರಿ, ಮಡಚಿ. ಆ ದಾರಿ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಹತ್ತು ಹೆಜ್ಜೆ ಹಿಂದೆ ಬಾಯಿ ಮುಚ್ಚಿಕೊಂಡು ನಡೆಯಿರಿ. ಅವರು ನಿಂತು ಹಾಳೆ ತಿರುಗಿಸಿದ ಜಾಗವನ್ನೆಲ್ಲ ಗುರುತು ಮಾಡಿ, ಅಲ್ಲೆಲ್ಲ ಪಠ್ಯ ಅಥವಾ ನಕ್ಷೆ ತಿದ್ದಬೇಕು. ಒಬ್ಬರು ಓದುಕನ್ನಡಕದವರೂ ಇರಲಿ.

ಮೊದಲ ಕಂತು ಚಿಕ್ಕದಾಗಿಯೇ ಇರಲಿ. ಕಚೇರಿ ಕಪಾಟಿಗೆ ಹೋದ ಕಟ್ಟು ಹೊರಗೆ ಬರುವುದಿಲ್ಲ. ಲಾಡ್ಜ್ ಕೌಂಟರ್, ಬಸ್ ನಿಲ್ದಾಣದ ಹೋಟೆಲು, ಕೋಟೆ ಮುಂದಿನ ಆಟೋ ಸ್ಟ್ಯಾಂಡಿನಲ್ಲಿ ಐವತ್ತೈವತ್ತು ಕೊಟ್ಟು ಎಲ್ಲಿ ಬೇಗ ಖಾಲಿಯಾಗುತ್ತದೆ ನೋಡಿ. ಹಿಂಪುಟದ ಕೆಳಗೆ ‘ದಾರಿ ಪರಿಶೀಲಿಸಿದ್ದು’ ಎಂದು ತಿಂಗಳು, ವರ್ಷ ಹಾಕಿ, ಪಕ್ಕದಲ್ಲೇ ತಪ್ಪು ತಿಳಿಸಲು ಒಂದು ಇಮೇಲ್ ವಿಳಾಸ. ಮಳೆಗಾಲ ಕಳೆದ ಮೇಲೆ ಒಮ್ಮೆ ನಡೆದು ನೋಡಿ, ಬದಲಾದ ಕವಲನ್ನು ತಿದ್ದಿ, ಆಮೇಲೆ ಎರಡನೇ ಕಂತಿಗೆ ಆರ್ಡರ್ ಕೊಡಿ.